ಪಿಕಪ್‌ನ ಹಿಂಬದಿ ಪಕ್ಕದ ಕಿಟಕಿ ಸೋರುತ್ತಿದೆ, ಶಿಳ್ಳೆ ಹಾಕುತ್ತಿದೆ: ಮೂಲ ಎಲ್ಲಿದೆ ಎಂದು ಹುಡುಕುವ ಬಗೆ

ಹಳೆಯ ಪಿಕಪ್‌ನ ಹಿಂಬದಿ ಪಕ್ಕದ ಕಿಟಕಿ ಸದ್ದು ಮಾಡತೊಡಗಿದರೆ ಹೆಚ್ಚಿನವರು ಮೊದಲು ತರುವುದು ಸಿಲಿಕೋನ್ ಟ್ಯೂಬು. ದಯವಿಟ್ಟು ಅದನ್ನು ಕೊನೆಯವರೆಗೂ ಮುಟ್ಟಬೇಡಿ. ಈ ಕಿಟಕಿಗಳ ತೊಂದರೆ ಬಹುಪಾಲು ರಬ್ಬರ್ ಹರಿದದ್ದರಿಂದ ಬರುವುದಿಲ್ಲ. ಗಾಜು ರಬ್ಬರನ್ನು ಸಾಕಷ್ಟು ಒತ್ತದೇ ಇರುವುದರಿಂದ ಬರುತ್ತದೆ. ಒತ್ತಡ ಎಲ್ಲಿ ಕಡಿಮೆಯಾಗಿದೆ ಎಂದು ತಿಳಿದರೆ ದುರಸ್ತಿ ಅರ್ಧ ದಿನದ ಕೆಲಸ. ತಿಳಿಯದೆ ಸೀಲೆಂಟ್ ಬಳಿದರೆ ನೀರು ಇನ್ನೊಂದು ದಾರಿ ಹಿಡಿಯುತ್ತದೆ, ಮುಂದೆ ಯಾರು ಕೈಹಾಕಿದರೂ ಆ ಅಂಟನ್ನು ಕೆರೆಯುವುದರಲ್ಲೇ ಒಂದು ದಿನ ಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಅಮೆರಿಕದ ಉದ್ದ ಕ್ಯಾಬಿನ ಪಿಕಪ್‌ಗಳ ಕುರಿತು: ಟೊಯೋಟಾದ ಎಕ್ಸ್‌ಟ್ರಾಕ್ಯಾಬ್, ಫೋರ್ಡ್ ರೇಂಜರ್‌ನ ಸೂಪರ್‌ಕ್ಯಾಬ್ ಮುಂತಾದವು. ಇವುಗಳಲ್ಲಿ ಮುಂದಿನ ಬಾಗಿಲಿನ ಹಿಂದೆ, ಸಣ್ಣ ಮಡಚು ಸೀಟುಗಳ ಪಕ್ಕದಲ್ಲಿ ಒಂದು ಗಾಜು ಇರುತ್ತದೆ. ಅದು ಕೆಳಗಿಳಿಯುವುದಿಲ್ಲ. ಮುಂದಿನ ಅಂಚಿನಲ್ಲಿ ಎರಡು ಕೀಲು, ಹಿಂದಿನ ಅಂಚಿನಲ್ಲಿ ಒಂದು ಚಿಲಕ. ಚಿಲಕ ತಳ್ಳಿದರೆ ಗಾಜಿನ ಹಿಂಭಾಗ ಕೆಲವು ಸೆಂಟಿಮೀಟರ್ ಹೊರಕ್ಕೆ ತೆರೆದುಕೊಳ್ಳುತ್ತದೆ, ಅಷ್ಟೇ. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ನೆಲೆಸಿ ಇಂಥ ಹಳೆಯ ಗಾಡಿ ಕೊಂಡಿರುವ ಕನ್ನಡಿಗರಿಗೆ ಈ ತೊಂದರೆ ಬೇಗ ಎದುರಾಗುತ್ತದೆ. ಅಲ್ಲಿ ಚಳಿಗಾಲದ ಮಳೆ ಜೋರಾಗಿ ಸುರಿದು ನಿಲ್ಲುವುದಿಲ್ಲ, ದಿನಗಟ್ಟಲೆ ಜಿನುಗುತ್ತದೆ. ಒಳಗೆ ಸೇರಿದ ನೀರು ಒಣಗಲು ಬಿಸಿಲೇ ಸಿಗದೆ ಕಾರ್ಪೆಟ್‌ನಡಿ ಬೂಷ್ಟು ಹಿಡಿಯುತ್ತದೆ.

ಗಾಜನ್ನು ಹೊರಗೆಳೆಯುವುದು ಗಾಳಿಯೇ

ಗಾಡಿ ಓಡುವಾಗ ಮುಂದಿನ ಗಾಜಿಗೆ ಗಾಳಿ ಬಡಿಯುತ್ತದೆ, ಆದರೆ ಪಕ್ಕದ ಗಾಜುಗಳ ಮೇಲೆ ಅದು ವೇಗವಾಗಿ ಜಾರಿಹೋಗುವುದರಿಂದ ಅಲ್ಲಿ ಒತ್ತಡ ಕುಸಿಯುತ್ತದೆ. ಕ್ಯಾಬಿನೊಳಗಿನ ಒತ್ತಡ ಅದಕ್ಕಿಂತ ಹೆಚ್ಚು. ಹೀಗಾಗಿ ಗಾಜು ಹೊರಮುಖವಾಗಿ ಸೆಳೆಯಲ್ಪಡುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 460 ಪಾಸ್ಕಲ್. ಅದರ ಅರ್ಧದಷ್ಟು ಎಳೆತ ಮಾತ್ರ ಪಕ್ಕದ ಗಾಜಿನ ಮೇಲೆ ಬೀಳುತ್ತದೆ ಎಂದಿಟ್ಟುಕೊಂಡರೂ, 30 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಗಾಜಿಗೆ ಮೂರೂವರೆ ಕಿಲೋ ತೂಕ ನೇತುಹಾಕಿದಷ್ಟು ಬಲ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಊರೊಳಗೆ ಸದ್ದೇ ಇಲ್ಲದ ಕಿಟಕಿ ಹೆದ್ದಾರಿ ಹತ್ತಿದ ಕೂಡಲೇ ಬುಸುಗುಟ್ಟಲು ಇದೇ ಕಾರಣ.

ಚಿಲಕ ಹೊಸದಿದ್ದಾಗ ಈ ಎಳೆತವನ್ನು ತಡೆದುಕೊಳ್ಳುತ್ತದೆ. ಇಪ್ಪತ್ತು ವರ್ಷದ ಮೇಲೆ ಅದರೊಳಗೆ ಪಿನ್ನಿನ ಸುತ್ತ ಕೂರುವ ಪ್ಲಾಸ್ಟಿಕ್ ಬಳೆ, ಅಂದರೆ ಬುಷ್, ಸವೆದು ಒಂದೆರಡು ಮಿಲಿಮೀಟರ್ ಸಡಿಲ ಬಂದಿರುತ್ತದೆ. ಅತ್ತ ರಬ್ಬರ್ ಪಟ್ಟಿಯೂ, ನಮ್ಮ ಗ್ಯಾರೇಜುಗಳಲ್ಲಿ ಬೀಡಿಂಗ್ ಎನ್ನುತ್ತಾರಲ್ಲ ಅದು, ವರ್ಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿ, ಗಾಜು ಸರಿದರೂ ಮರಳಿ ಉಬ್ಬುವ ಗುಣ ಕಳೆದುಕೊಂಡಿರುತ್ತದೆ. ಎರಡೂ ಸೇರಿದಾಗ ಸಂದು ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಂದಾದರೂ ಗಾಳಿಗೆ ಅದು ಸಾಕು.

ಸದ್ದಿನ ಜಾಗ ಮತ್ತು ನೀರಿನ ಜಾಗ ಒಂದೇ ಆಗಿರಬೇಕಿಲ್ಲ. ಗಾಳಿ ಹೊರಬೀಳುವುದು ಹೆಚ್ಚಾಗಿ ಮೇಲಿನ ಅಂಚು ಮತ್ತು ಚಿಲಕದ ಸುತ್ತ. ನೀರು ನುಗ್ಗುವುದು ಮೇಲಿನ ಮೂಲೆಯಲ್ಲಿ, ಇಲ್ಲವೇ ಕೆಳಗಿನ ಅಂಚಿನಲ್ಲಿ ಮಣ್ಣು, ಎಲೆಚೂರು ಕಟ್ಟಿಕೊಂಡು ನೀರು ನಿಲ್ಲುವ ಕಡೆ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ಸದ್ದು ಯಾವ ಬಗೆಯದು

ಕಿವಿಯೇ ಮೊದಲ ಉಪಕರಣ. ತೆಳುವಾದ ಶಿಳ್ಳೆ ಕೇಳಿಸಿದರೆ ಸಂದು ಕಿರಿದು, ಒಂದೇ ಕಡೆ ಇದೆ. ಬುಸ್ಸೆನ್ನುವ ಅಗಲವಾದ ಸದ್ದಾದರೆ ಒಂದು ಇಡೀ ಅಂಚು ರಬ್ಬರನ್ನು ಬಿಟ್ಟಿದೆ. ಹಾಳು ರಸ್ತೆಯಲ್ಲಿ ಚಟಚಟ, ಗಿರಗಿರ ಎನ್ನುವುದು ಗಾಳಿಯ ಸದ್ದೇ ಅಲ್ಲ. ಕೀಲು ಅಥವಾ ಚಿಲಕ ಸಡಿಲವಾಗಿ ಗಾಜು ಅದುರುತ್ತಿದೆ. ಕಿಟಕಿ ತೆರೆದಿದ್ದಾಗ ಮಾತ್ರ ಕಿವಿಗೆ ಗುಮ್ಮೆಂದು ಬಡಿಯುವ ಸದ್ದು ದೋಷವಲ್ಲ. ತೆರೆದ ಕಿಟಕಿಯ ಅಂಚಿನಲ್ಲಿ ಗಾಳಿ ಸುಳಿದು ಕ್ಯಾಬಿನೊಳಗಿನ ಗಾಳಿಯನ್ನೇ ಕಂಪಿಸುವುದರಿಂದ ಅದು ಹುಟ್ಟುತ್ತದೆ. ಇನ್ನೊಂದು ಕಿಟಕಿಯನ್ನು ಒಂದಿಷ್ಟು ಇಳಿಸಿದರೆ ನಿಲ್ಲುತ್ತದೆ.

ಈಗ ಫ್ಯಾನಿನ ಪರೀಕ್ಷೆ. ಸಮವಾದ ವೇಗದಲ್ಲಿ ಹೋಗುವಾಗ ಎಲ್ಲ ಕಿಟಕಿ ಮುಚ್ಚಿ, ಫ್ಯಾನನ್ನು ಒಳಗಾಳಿಯಿಂದ ಹೊರಗಾಳಿಗೆ ಬದಲಿಸಿ ಪೂರ್ತಿ ವೇಗಕ್ಕೆ ತನ್ನಿ. ಹೊರಗಾಳಿ ಒಳನುಗ್ಗಿದಾಗ ಕ್ಯಾಬಿನ ಒತ್ತಡ ಏರುತ್ತದೆ. ಆ ಕ್ಷಣದಲ್ಲಿ ಹಿಂದಿನ ಸದ್ದಿನ ಸ್ವರ ಬದಲಾದರೆ ಗಾಳಿ ರಬ್ಬರಿನ ಸಂದಿನಿಂದಲೇ ದಾಟುತ್ತಿದೆ. ಸ್ವಲ್ಪವೂ ಬದಲಾಗದಿದ್ದರೆ ಸದ್ದು ಹೊರಗೆ ಹುಟ್ಟುತ್ತಿದೆ: ಕನ್ನಡಿ, ಮೇಲಿನ ಕ್ಯಾರಿಯರ್, ಎದ್ದುಬಂದ ಅಲಂಕಾರದ ಪಟ್ಟಿ, ಏನು ಬೇಕಾದರೂ ಆಗಿರಬಹುದು. ಫ್ಯಾನಿನ ಸದ್ದಿನ ನಡುವೆ ಇದನ್ನು ಕೇಳಿಸಿಕೊಳ್ಳುವುದು ಕಷ್ಟ. ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕುಳಿತು, ಒಂದು ಮೀಟರಿನಷ್ಟು ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕಿಟಕಿಯ ಅಂಚಿನುದ್ದಕ್ಕೂ ಸರಿಸುತ್ತಾ ಹೋದರೆ ಸಂದು ಬಂದ ಕಡೆ ಸದ್ದು ತಟ್ಟನೆ ಏರುತ್ತದೆ. ಚಾಲಕ ಹಿಂದಕ್ಕೆ ತಿರುಗಿ ಕೇಳಲು ಹೋಗಬಾರದು.

ಟೇಪಿನ ಪರೀಕ್ಷೆಯಷ್ಟು ಖಚಿತವಾದದ್ದು ಇನ್ನೊಂದಿಲ್ಲ. ಪೇಂಟರುಗಳು ಬಳಸುವ, ಬಣ್ಣ ಕೀಳದ ಟೇಪನ್ನು ಗಾಜು ಮತ್ತು ಬಾಡಿಯ ನಡುವಿನ ಸಂದಿಗೆ ಹೊರಗಿನಿಂದ ಸುತ್ತಲೂ ಅಂಟಿಸಿ. ಗಾಳಿ ಇಲ್ಲದ ದಿನ, ಅದೇ ರಸ್ತೆ, ಅದೇ ದಿಕ್ಕು, ಅದೇ ವೇಗ. ಸದ್ದು ಹೋಯಿತೇ? ಹಾಗಿದ್ದರೆ ಕಿಟಕಿಯೇ ಕಾರಣ. ಈಗ ಒಂದೊಂದೇ ಅಂಚಿನ ಟೇಪು ಕಿತ್ತು ಮತ್ತೆ ಓಡಿಸಿ, ಸದ್ದು ಮರಳಿದ ಕಡೆ ಗುರುತು ಹಾಕಿ. ಸುತ್ತಲೂ ಟೇಪು ಇದ್ದರೂ ಸದ್ದು ಹಾಗೆಯೇ ಇದ್ದರೆ ಈ ಕಿಟಕಿಯ ಗೊಡವೆ ಬಿಡಿ. ಟೇಪನ್ನು ಮುಂದಿನ ಬಾಗಿಲಿನ ಹಿಂಬದಿ ಮೇಲ್ಮೂಲೆಗೂ ಹಿಂದಿನ ಗಾಜಿಗೂ ಒಯ್ಯಿರಿ. ಬಾಗಿಲಿನ ಆ ಮೂಲೆ ಹಿಂದಿನ ಕಿಟಕಿಗೆ ತೀರ ಹತ್ತಿರವಿರುವುದರಿಂದ ಕಿವಿಯನ್ನು ಸುಲಭವಾಗಿ ದಾರಿತಪ್ಪಿಸುತ್ತದೆ.

ನಿಂತ ಗಾಡಿಯಲ್ಲಿ ಮಾಡುವ ಪರೀಕ್ಷೆಗಳು

ಹಾಳೆಯ ತುಂಡೊಂದನ್ನು ರಬ್ಬರಿನ ಮೇಲಿಟ್ಟು ಚಿಲಕ ಹಾಕಿ, ಮೆಲ್ಲಗೆ ಎಳೆಯಿರಿ. ಹಾಳೆ ಬಿಗಿಯಾಗಿ ಹಿಡಿದುಕೊಂಡು ಬರಬೇಕು. ಸಲೀಸಾಗಿ ಜಾರಿ ಬಂದರೆ ಅಲ್ಲಿ ಒತ್ತಡವಿಲ್ಲ. ಕಿಟಕಿಯ ಸುತ್ತ ಐದೈದು ಸೆಂಟಿಮೀಟರಿಗೊಮ್ಮೆ ನೋಡಿ, ಸಡಿಲವಿದ್ದ ಕಡೆಗಳಲ್ಲಿ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಗೆರೆಗಳು ಎಲ್ಲಿ ಗುಂಪುಗೂಡಿವೆ ಎಂಬುದೇ ಕಾರಣವನ್ನು ಹೇಳುತ್ತದೆ. ಚಿಲಕದ ಕಡೆಯ ಅಂಚು ಪೂರ್ತಿ ಸಡಿಲವಿದ್ದರೆ ಚಿಲಕ. ಕೀಲಿನ ಕಡೆ ಸಡಿಲವಿದ್ದರೆ ಕೀಲು, ಅಥವಾ ಅಲ್ಲಿನ ರಬ್ಬರ್. ಗಾಜು ತೆರೆದು ಮುಚ್ಚುವಾಗಲೆಲ್ಲ ಆ ಅಂಚಿನ ರಬ್ಬರ್ ಉಜ್ಜಿಸಿಕೊಂಡು ಸವೆಯುತ್ತದೆ. ಒಂದು ಮೂಲೆ ಮಾತ್ರ ಸಡಿಲವಿದ್ದರೆ ಬಾಡಿಯ ತಗಡಿನ ಅಂಚು ಬಾಗಿರಬಹುದು, ಇಲ್ಲವೇ ರಬ್ಬರಿನಡಿ ತುಕ್ಕು ಉಬ್ಬಿ ಪಟ್ಟಿಯನ್ನು ಓರೆ ಮಾಡಿರಬಹುದು.

ಹಾಳೆಯ ಪರೀಕ್ಷೆಯಲ್ಲಿ ಅನುಮಾನ ಉಳಿದರೆ ಸೀಮೆಸುಣ್ಣದ ಪುಡಿಯನ್ನು ರಬ್ಬರಿನ ಅಂಚಿಗೆ ತೆಳುವಾಗಿ ಸವರಿ, ಕಿಟಕಿ ಮುಚ್ಚಿ ತೆರೆಯಿರಿ. ಗಾಜಿನ ಮೇಲೆ ಬಿಳಿ ಗೆರೆ ಎಲ್ಲೂ ಕಡಿಯದೆ, ಹೆಚ್ಚುಕಡಿಮೆ ಒಂದೇ ಅಗಲದಲ್ಲಿ ಮೂಡಿರಬೇಕು. ತೆಳುವಾದ ಅಥವಾ ಕಡಿದುಹೋದ ಕಡೆಯೇ ನಿಮ್ಮ ಸಂದು.

ಸೋಪಿನ ನೊರೆ ಇನ್ನೂ ಚೆನ್ನ. ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ, ಹೊರಗಾಳಿಯ ಫ್ಯಾನನ್ನು ಪೂರ್ತಿ ವೇಗದಲ್ಲಿಟ್ಟು, ಹೊರಗಿನಿಂದ ಗಾಜಿನ ಅಂಚಿಗೆ ಸೋಪಿನ ನೀರು ಸಿಂಪಡಿಸಿ. ಸಂದಿದ್ದ ಕಡೆ ಗುಳ್ಳೆ ಏಳುತ್ತದೆ. ಎಂಜಿನ್ ಓಡುತ್ತಿದ್ದರೆ ಗಾಡಿ ಬಯಲಿನಲ್ಲಿರಲಿ, ಮುಚ್ಚಿದ ಗ್ಯಾರೇಜಿನಲ್ಲಿ ಬೇಡ. ಕ್ಯಾಬಿನ ಹಿಂಗೋಡೆಯಲ್ಲಿ ಒಳಗಾಳಿ ಹೊರಹೋಗಲೆಂದೇ ಇಟ್ಟಿರುವ ಕಿಂಡಿಗಳಿರುತ್ತವೆ, ಅಲ್ಲಿ ಗಾಳಿ ಬರುವುದು ಸಹಜ. ಅವುಗಳ ರಬ್ಬರ್ ರೆಪ್ಪೆಗಳು ಮಾತ್ರ ಮುಚ್ಚಿಕೊಳ್ಳುವ ಸ್ಥಿತಿಯಲ್ಲಿವೆಯೇ ಎಂದು ನೋಡಿಕೊಳ್ಳಿ. ರೆಪ್ಪೆ ಮುರಿದಿದ್ದರೆ ಅದೂ ಸದ್ದಿಗೂ ಧೂಳಿಗೂ ನೀರಿಗೂ ದಾರಿ.

ನೀರಿನ ಜಾಡು

ನೀರು ಕಂಡ ಕಡೆಯೇ ಸೋರಿಕೆ ಎಂದು ತೀರ್ಮಾನಿಸಬೇಡಿ. ಅದು ತಗಡಿನ ಒಳಮೈ ಹಿಡಿದು ಎಲ್ಲಿಯೋ ಇಳಿದು ಎಲ್ಲಿಯೋ ತೊಟ್ಟಿಕ್ಕುತ್ತದೆ. ಚಾವಣಿಯ ಬಟ್ಟೆಯ ಅಂಚಿನಲ್ಲಿ ಕಂದು ಕಲೆ ಇದ್ದರೆ ಪಕ್ಕದ ಕಿಟಕಿಯ ಮೇಲೆ ಅನುಮಾನ ಪಡುವ ಮೊದಲು ಕ್ಯಾಬಿನ ಹಿಂದೆ, ಮೇಲ್ಭಾಗದಲ್ಲಿರುವ ಮೂರನೆಯ ಬ್ರೇಕ್ ದೀಪವನ್ನು ನೋಡಿ. ಅದರ ಹಿಂದಿನ ಸ್ಪಂಜಿನ ಗ್ಯಾಸ್ಕೆಟ್ ಪುಡಿಯಾಗಿ ನೀರು ಒಳಬರುವುದು ಪಿಕಪ್‌ಗಳಲ್ಲಿ ತೀರ ಸಾಮಾನ್ಯ. ಹಿಂದಿನ ಗಾಜು ಪಕ್ಕಕ್ಕೆ ಸರಿಯುವಂಥದ್ದಾದರೆ ಅದರ ಕೆಳಗೆ ಗಾಜು ಸರಿಯುವ ಜಾಡಿನಲ್ಲಿ ಕಸ ತುಂಬಿ, ನೀರು ಹೊರಹೋಗುವ ತೂತು ಕಟ್ಟಿಕೊಂಡಿರಬಹುದು. ಚಾವಣಿ ಒಣಗಿದ್ದು ಕಿಟಕಿಯ ಕೆಳಗಿನ ಪ್ಲಾಸ್ಟಿಕ್ ಹಲಗೆಯ ಹಿಂದೆ ಮಾತ್ರ ಪಸೆ ಇದ್ದರೆ ಕಿಟಕಿಯೇ ಆರೋಪಿ. ನೆಲ ಮಾತ್ರ ಒದ್ದೆಯಾಗಿದ್ದರೆ ಹಿಂಗೋಡೆಯ ಆ ಗಾಳಿಕಿಂಡಿಗಳನ್ನೂ ತಗಡಿನ ಬೆಸುಗೆಯ ಸಂದುಗಳನ್ನೂ ಪರೀಕ್ಷಿಸಿ.

ಪೈಪಿನಿಂದ ನೀರು ಬಿಡುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಈ ಒಂದು ನಿಯಮ ಪಾಲಿಸಿದರೆ ಉಳಿದದ್ದೆಲ್ಲ ಸುಲಭ. ಚಾವಣಿಯಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ. ನಳಿಕೆ ತೆಗೆದು, ಮೆಲ್ಲಗೆ ಹರಿಯುವಂತೆ ನೀರು ಬಿಟ್ಟು, ಮೊದಲು ಗಾಜಿನ ಕೆಳಗಿನ ಅಂಚು, ಆಮೇಲೆ ಎರಡು ಪಕ್ಕ, ಆಮೇಲೆ ಮೇಲಿನ ಅಂಚು, ಕೊನೆಗೆ ಬ್ರೇಕ್ ದೀಪ ಮತ್ತು ಚಾವಣಿ. ಒಂದೊಂದು ಕಡೆಯೂ ಕೆಲವು ನಿಮಿಷ ನಿಲ್ಲಿ. ಒಳಗಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿಟ್ಟು, ಟಾರ್ಚು ಹಿಡಿದು ಒಬ್ಬರು ಒಳಗೆ ಕುಳಿತಿರಲಿ. ಬರಿಗಣ್ಣಿಗೆ ಕಾಣದ ತೇವವನ್ನು ಟಿಶ್ಯೂ ಹಾಳೆಯ ಪಟ್ಟಿ ತೋರಿಸಿಕೊಡುತ್ತದೆ. ಗಾಡಿ ತೊಳೆಯುವ ಹೈ ಪ್ರೆಷರ್ ಯಂತ್ರ ಬೇಡ. ಅದು ಒಳ್ಳೆಯ ರಬ್ಬರನ್ನೂ ಎತ್ತಿ ನೀರು ನುಗ್ಗಿಸುತ್ತದೆ, ಇಲ್ಲದ ದೋಷವನ್ನು ತೋರಿಸುತ್ತದೆ.

ಹಲಗೆ ಬಿಚ್ಚಲು ಸೀಟ್ ಬೆಲ್ಟಿನ ಬೋಲ್ಟ್ ತೆಗೆಯಬೇಕಾಗಿ ಬಂದರೆ ಅದರ ವಾಷರುಗಳು ಯಾವ ಕ್ರಮದಲ್ಲಿದ್ದವು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಮರಳಿ ಹಾಕುವಾಗ ಆ ಗಾಡಿಯ ಸರ್ವಿಸ್ ಕೈಪಿಡಿ ಹೇಳುವಷ್ಟೇ ಬಿಗಿತಕ್ಕೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಕಿಟಕಿ ಸೋರಿದರೆ ಕಾರ್ಪೆಟ್ ಹಾಳಾಗುತ್ತದೆ, ಆ ಬೋಲ್ಟ್ ಸಡಿಲವಾದರೆ ಜೀವ ಹೋಗುತ್ತದೆ.

ದುರಸ್ತಿ: ಚಿಲಕದಿಂದ ಆರಂಭಿಸಿ

ಮೊದಲು ಸ್ವಚ್ಛತೆ. ಸೋಪಿನ ನೀರಿನಲ್ಲಿ ರಬ್ಬರ್, ಗಾಜಿನ ಅಂಚು ಎರಡನ್ನೂ ತೊಳೆದು ಒಣಗಿಸಿ, ಹಾಳೆಯ ಪರೀಕ್ಷೆ ಮತ್ತೊಮ್ಮೆ ಮಾಡಿ. ಗಟ್ಟಿಯಾದ ಮಣ್ಣಿನ ಪದರವೇ ರಬ್ಬರನ್ನು ಗಾಜಿನಿಂದ ದೂರವಿಟ್ಟಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಚಿಲಕ. ಇದು ಹಳೆಯ ಟ್ರಂಕ್ ಪೆಟ್ಟಿಗೆಯ ಕೊಂಡಿಯ ಹಾಗೆ, ಮಧ್ಯಬಿಂದು ದಾಟಿದ ಮೇಲೆ ತಾನೇ ಬಿಗಿದುಕೊಳ್ಳುವ ರಚನೆ. ಮುಚ್ಚುವಾಗ ಕೊನೆಯಲ್ಲಿ ಕೈಗೆ ಒಂದು ಎದುರುಬಲ ತಟ್ಟಬೇಕು, ಆಮೇಲೆ ಟಕ್ಕೆಂದು ಕೂರಬೇಕು. ಎದುರುಬಲವೇ ಇಲ್ಲದೆ ಸಲೀಸಾಗಿ ಮಡಚಿಕೊಂಡರೆ ಗಾಜು ರಬ್ಬರನ್ನು ಒತ್ತುತ್ತಿಲ್ಲ. ಚಿಲಕ ಹಾಕಿದ ಮೇಲೆ ಹೊರಗಿನಿಂದ ಅದರ ನೇರಕ್ಕೆ ಗಾಜನ್ನು ಅಂಗೈಯಿಂದ ಒತ್ತಿ ಬಿಟ್ಟು ನೋಡಿ. ಟಿಕ್ ಟಿಕ್ ಎಂದು ಆಡಿದರೆ ಬುಷ್ ಸವೆದಿದೆ. ಬುಷ್ ಮಾತ್ರ ಸಿಕ್ಕರೆ ಅದನ್ನು, ಸಿಗದಿದ್ದರೆ ಇಡೀ ಚಿಲಕವನ್ನು ಬದಲಿಸಿ. ಗುಜರಿಯ ಚಿಲಕ ತರುವುದಾದರೆ ಅದರ ಪ್ಲಾಸ್ಟಿಕ್ಕೂ ಅಷ್ಟೇ ವಯಸ್ಸಿನದು ಎಂಬುದು ನೆನಪಿರಲಿ. ಆಡಿಸಿ ನೋಡಿ ಕೊಳ್ಳಿ.

ಆಟವಿಲ್ಲದಿದ್ದರೂ ಒತ್ತಡ ಸಾಲದು ಎನಿಸಿದರೆ, ಚಿಲಕದ ಬುಡ ಬಾಡಿಗೆ ಕೂರುವ ಕಡೆ ತೆಳುವಾದ ನೈಲಾನ್ ಹಾಳೆ ಅಥವಾ ವಾಷರ್ ಇಡಬಹುದು. ಬುಡ ಒಳಕ್ಕೆ ಸರಿದಷ್ಟೂ ಗಾಜು ಒಳಕ್ಕೆ ಎಳೆಯಲ್ಪಡುತ್ತದೆ. ಒಂದು ಮಿಲಿಮೀಟರಿನಿಂದ ಆರಂಭಿಸಿ ಪ್ರತಿ ಸಲವೂ ಹಾಳೆಯ ಪರೀಕ್ಷೆ ಮಾಡಿ. ಅತಿಯಾಸೆ ಬೇಡ. ಈ ಗಾಜು ಟೆಂಪರ್ಡ್ ಗಾಜು, ಅಂಚಿನಲ್ಲಿ ಅಥವಾ ತೂತಿನ ಸುತ್ತ ಒತ್ತಡ ಮಿತಿ ಮೀರಿದರೆ ಬಿರುಕು ಬಿಡುವುದಿಲ್ಲ, ಇಡೀ ಗಾಜು ಒಮ್ಮೆಲೇ ಹರಳುಹರಳಾಗಿ ಉದುರುತ್ತದೆ. ಇದೇ ಕಾರಣಕ್ಕೆ ಗಾಜಿಗೂ ಲೋಹಕ್ಕೂ ನಡುವೆ ಯಾವಾಗಲೂ ರಬ್ಬರ್ ಅಥವಾ ನೈಲಾನ್ ವಾಷರ್ ಇರಲೇಬೇಕು. ನಟ್ಟನ್ನು ಬೆರಳಿನಿಂದ ಬಿಗಿದು, ಸಣ್ಣ ಸ್ಪ್ಯಾನರಿನಲ್ಲಿ ಸ್ವಲ್ಪವೇ ತಿರುಗಿಸಿದರೆ ಸಾಕು. ಕೆಲಸ ಮಾಡುವಾಗ ಕಣ್ಣಿಗೆ ಕನ್ನಡಕವಿರಲಿ. ಹೊಸ ತೂತು ಕೊರೆಯುವ ಯೋಚನೆಯನ್ನೂ ಮಾಡಬೇಡಿ, ಟೆಂಪರ್ಡ್ ಗಾಜನ್ನು ಕೊರೆಯಲು ಆಗುವುದಿಲ್ಲ.

ಕೀಲುಗಳ, ನಮ್ಮೂರಿನ ಬಡಗಿಗಳ ಮಾತಿನಲ್ಲಿ ಬಿಜಾಗರಿಗಳ, ಸ್ಕ್ರೂಗಳು ಮುಂದಿನ ಬಾಗಿಲಿನ ಹಿಂದಿರುವ ಕಂಬದ ಒಳಹಲಗೆಯ ಹಿಂದೆ ಅಡಗಿರುತ್ತವೆ. ಗಾಜನ್ನು ಹೊರಗಿನಿಂದ ಒಬ್ಬರು ಹಿಡಿದುಕೊಳ್ಳದೆ ಅವನ್ನು ಸಡಿಲಿಸಬೇಡಿ. ಮೇಲಿನ ಕೀಲು, ಕೆಳಗಿನ ಕೀಲು ಎರಡರಲ್ಲೂ ಗಾಜು ಬಾಡಿಗೆ ಒಂದೇ ಸಮದಲ್ಲಿ ಕೂತಿರಬೇಕು. ಒಂದು ಹೊರಗೆ ಉಳಿದರೆ ಎದುರು ಮೂಲೆ ಎಂದೂ ಮುಚ್ಚಿಕೊಳ್ಳುವುದಿಲ್ಲ, ಚಿಲಕ ಎಷ್ಟೇ ಬಿಗಿದರೂ.

ರಬ್ಬರಿನ ಸರದಿ

ಚಿಲಕ, ಕೀಲು ಸರಿಯಿದ್ದೂ ಹಾಳೆ ಜಾರಿದರೆ ಮಾತ್ರ ಬೀಡಿಂಗಿಗೆ ಕೈ ಹಚ್ಚಿ. ಒಡಕಿಲ್ಲದೆ ಬರೀ ಚಪ್ಪಟೆಯಾಗಿದ್ದು ಪಟ್ಟಿಯೊಳಗೆ ಟೊಳ್ಳು ಕೊಳವೆ ಇದ್ದರೆ, ಆ ಟೊಳ್ಳಿನೊಳಗೆ ತೆಳುವಾದ, ಮೆತ್ತಗಿನ ರಬ್ಬರ್ ದಾರವನ್ನು ಸೋಪಿನ ನೀರು ಹಚ್ಚಿ ತೂರಿಸಬಹುದು. ಪಟ್ಟಿ ಮತ್ತೆ ಉಬ್ಬಿಕೊಳ್ಳುತ್ತದೆ. ಹೊಸ ಪಟ್ಟಿ ಸಿಗದ ಹಳೆಯ ಗಾಡಿಗಳಿಗೆ ಇದು ನಿಜವಾಗಿಯೂ ಒಳ್ಳೆಯ ಉಪಾಯ. ಗಟ್ಟಿ ದಾರ ಬೇಡ, ಗಾಜು ಮುಚ್ಚುವುದೇ ಕಷ್ಟವಾಗುತ್ತದೆ.

ಬದಲಿಸುವುದೇ ಆದರೆ ಹಳೆಯ ಪಟ್ಟಿ ಕಿತ್ತ ಮೇಲೆ ಕಾಣುವ ತಗಡಿನ ಅಂಚಿಗೆ ಹೆಚ್ಚು ಸಮಯ ಕೊಡಿ. ಬಾಗಿದ್ದರೆ ಹಿಂದೆ ಮರದ ತುಂಡು ಹಿಡಿದು ಸಣ್ಣ ಸುತ್ತಿಗೆಯಿಂದ ನೇರ ಮಾಡಿ. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ತೆಗೆದು, ಪ್ರೈಮರ್, ಬಣ್ಣ ಹಚ್ಚಿ ಪೂರ್ತಿ ಒಣಗಲು ಬಿಡಿ. ತುಕ್ಕಿನ ಮೇಲೆ ಕೂರಿಸಿದ ಹೊಸ ರಬ್ಬರ್ ಹೆಚ್ಚು ಕಾಲ ನಿಲ್ಲುವುದಿಲ್ಲ. ಹೊಸ ಪಟ್ಟಿಯನ್ನು ಎಳೆದು ಹಿಗ್ಗಿಸಿ ಕೂರಿಸಬಾರದು. ಹಿಗ್ಗಿದ ರಬ್ಬರ್ ಮೂಲೆಗಳಲ್ಲಿ ತೆಳುವಾಗುತ್ತದೆ, ಕ್ರಮೇಣ ಕುಗ್ಗಿ ಜೋಡಣೆಯಲ್ಲಿ ಬಾಯಿಬಿಡುತ್ತದೆ. ಅಳತೆಗಿಂತ ಐದಾರು ಮಿಲಿಮೀಟರ್ ಉದ್ದವಾಗಿ ಕತ್ತರಿಸಿ, ಒತ್ತಿ ಸೇರಿಸಿ. ಜೋಡಣೆ ಕೆಳಗಿನ ಅಂಚಿನ ಮಧ್ಯದಲ್ಲಿ ಬರಲಿ, ಮೇಲಂತೂ ಬೇಡವೇ ಬೇಡ.

ಆಮೇಲೆ ಸಿಲಿಕೋನ್ ಗ್ರೀಸನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ. ಈ ಪಟ್ಟಿಗಳು ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರಿನವು. ಅದಕ್ಕೆ ಪೆಟ್ರೋಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಯಾವುದೂ ಆಗುವುದಿಲ್ಲ. ಖನಿಜ ತೈಲ ಹೀರಿ ಊದಿಕೊಂಡು ಬಲ ಕಳೆದುಕೊಳ್ಳುತ್ತದೆ. ತೆಂಗಿನ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ. ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸಿಯಾಟಲ್‌ನ ಚಳಿಗಾಲದಲ್ಲಂತೂ ಅದರಿಂದ ಏನೂ ಪ್ರಯೋಜನವಿಲ್ಲ.

ಗಾಜು ತೆರೆಯದ ಬಗೆಯದಾಗಿದ್ದರೆ

ಕೆಲವು ಕ್ಯಾಬುಗಳಲ್ಲಿ ಇದೇ ಗಾಜನ್ನು ಯುರಿಥೇನ್ ಅಂಟಿನಿಂದ ಬಾಡಿಗೆ ಕೂಡಿಸಿರುತ್ತಾರೆ. ಅಲ್ಲಿ ಚಿಲಕದ ಮಾತಿಲ್ಲ; ಅಂಟು ಬಿಟ್ಟಿದೆ ಅಥವಾ ಅದರಡಿ ತುಕ್ಕು ಹಿಡಿದಿದೆ. ಗಾಜು ತೆಗೆದು, ಅಂಚು ಸರಿಮಾಡಿ, ಹೊಸ ಯುರಿಥೇನ್ ಹಾಕಿ ಕೂರಿಸುವುದೊಂದೇ ಬಾಳಿಕೆಯ ದಾರಿ, ಗಾಜಿನ ಕೆಲಸದವರಿಗೆ ಒಪ್ಪಿಸುವುದು ಲೇಸು. ಆರಂಭದಲ್ಲಿ ಸಿಲಿಕೋನ್ ಬೇಡ ಎಂದದ್ದಕ್ಕೆ ದೊಡ್ಡ ಕಾರಣ ಇಲ್ಲಿದೆ: ಸಿಲಿಕೋನಿನ ಲೇಪ ಉಳಿದ ಕಡೆ ಯುರಿಥೇನ್ ಹಿಡಿಯುವುದಿಲ್ಲ. ಹುಳಿ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬಣ್ಣ ಹೋದ ತಗಡಿಗೆ ಅದೇ ತುಕ್ಕು ತರುತ್ತದೆ.

ಭಾರತದಲ್ಲಿ 2016ರಿಂದ ಇರುವ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್‌ನಂಥ ನಾಲ್ಕು ಬಾಗಿಲ ಪಿಕಪ್‌ಗಳಲ್ಲಿ ಹಿಂದಿನ ಗಾಜು ಬಾಗಿಲೊಳಗೆ ಇಳಿಯುತ್ತದೆ. ಅಂಥ ಯಾವುದೇ ಗಾಡಿಯಲ್ಲಿ ಸದ್ದು ಬಂದರೆ ಗಾಜು ಓಡಾಡುವ ಚಾನೆಲ್ ರಬ್ಬರನ್ನು ಇದೇ ಹಾಳೆಯಿಂದ ಪರೀಕ್ಷಿಸಿ. ನೆಲ ಒದ್ದೆಯಾದರೆ ನೋಡಬೇಕಾದದ್ದು ಬೇರೆ. ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಬಾಗಿಲಿನ ಕೆಳತೂತುಗಳಿಂದ ಹೊರಹೋಗಬೇಕು. ತೂತು ಕೆಸರಿನಿಂದ ಕಟ್ಟಿದ್ದರೆ, ಅಥವಾ ಸ್ಪೀಕರ್ ಹಾಕಿಸುವಾಗ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಪರದೆಯನ್ನು ಹರಿದು ಹಾಗೆಯೇ ಬಿಟ್ಟಿದ್ದರೆ, ಆ ನೀರು ಒಳಗೆ ಬರುತ್ತದೆ. ಸಕಲೇಶಪುರದ ಘಟ್ಟದ ಮಳೆಯಲ್ಲಿ ಓಡುವ ಗಾಡಿಗಳಿಗೆ ಮುಂಗಾರಿಗೆ ಮುನ್ನ ಆ ತೂತುಗಳಿಗೆ ಒಂದು ತಂತಿ ಆಡಿಸುವುದು ಒಳ್ಳೆಯದು.

ಮುಚ್ಚುವ ಮುನ್ನ

ದುರಸ್ತಿ ಆದ ಮೇಲೆ ಒಳಹಲಗೆಗಳನ್ನು ಕೂಡಲೇ ಹಾಕಬೇಡಿ. ಮತ್ತೆ ಹಾಳೆ, ಮತ್ತೆ ಕೆಳಗಿನಿಂದ ಮೇಲಕ್ಕೆ ನೀರು, ಮತ್ತೆ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಒಂದು ಓಟ. ಒಂದು ನಿಜವಾದ ಮಳೆ ಕಳೆಯುವವರೆಗೆ ಹಲಗೆ ಹೊರಗೇ ಇರಲಿ. ಸೀಟ್ ಬೆಲ್ಟನ್ನು ಮಾತ್ರ ಮೊದಲೇ ಬಿಗಿದುಬಿಡಿ. ಈ ನಡುವೆ ಹಿಂದಿನ ಕಾರ್ಪೆಟ್ ಎತ್ತಿ ಅದರಡಿಯ ಸ್ಪಂಜನ್ನು ಹಿಂಡಿ ನೋಡಿ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ನೀರು ನಿಂತಿರುತ್ತದೆ. ಅದನ್ನು ಹೊರತೆಗೆದು, ಟೇಬಲ್ ಫ್ಯಾನಿನ ಮುಂದಿಟ್ಟು ಒಣಗಿಸಿ, ನೆಲದ ತಗಡಿನಲ್ಲಿ ತುಕ್ಕು ಕಂಡರೆ ಉಜ್ಜಿ ಬಣ್ಣ ಹಚ್ಚಿ, ಅದು ಒಣಗಿದ ಮೇಲೆ ಕಾರ್ಪೆಟ್ ಹಾಸಿ.